ಸ್ತನ ಕ್ಯಾನ್ಸರ್: ರಿಪೋರ್ಟ್‌ನ ಮೂರು ಸಾಲು, ಚಿಕಿತ್ಸೆಯ ದಾರಿಗಳು ಮತ್ತು ಕ್ಲಿನಿಕಲ್ ಟ್ರಯಲ್ ಹುಡುಕುವ ಬಗೆ

ಉಪ್ಪಳದಲ್ಲಾಗಲಿ, ಕುಂಬಳೆಯಲ್ಲಾಗಲಿ, ಮನೆಯ ಹೆಂಗಸೊಬ್ಬರಿಗೆ ಎದೆಯಲ್ಲಿ ಗಂಟು ಕೈಗೆ ಸಿಕ್ಕರೆ ಅದು ಮೊದಲು ಮುಚ್ಚಿಡುವ ವಿಷಯವಾಗುತ್ತದೆ. ಮಗಳಿಗೂ ಹೇಳುವುದಿಲ್ಲ. ನೋವಿಲ್ಲವಲ್ಲ ಅಂತ ಸುಮ್ಮನಿರುತ್ತಾರೆ. ಆದರೆ ಸ್ತನ ಕ್ಯಾನ್ಸರ್‌ನ ಗಂಟು ಆರಂಭದಲ್ಲಿ ಹೆಚ್ಚಾಗಿ ನೋಯುವುದೇ ಇಲ್ಲ. ಡಾಕ್ಟ್ರ ಬಳಿ ಹೋಗುವ ಹೊತ್ತಿಗೆ ತಿಂಗಳುಗಳು ಕಳೆದಿರುತ್ತವೆ. ಆಮೇಲೆ ಎಲ್ಲವೂ ಒಮ್ಮೆಲೇ ಓಡತೊಡಗುತ್ತದೆ. ಮಂಗಳೂರಿಗೆ ಕಾರು ಹೊರಡುತ್ತದೆ, ಗಲ್ಫ್‌ನಲ್ಲಿರುವ ಮಗನಿಗೆ ರಿಪೋರ್ಟ್‌ನ ಫೋಟೋ ಹೋಗುತ್ತದೆ, ಸಂಬಂಧಿಕರು ಒಬ್ಬೊಬ್ಬರು ಒಂದೊಂದು ಆಸ್ಪತ್ರೆಯ ಹೆಸರು ಹೇಳುತ್ತಾರೆ. ಕಾಯಿಲೆ ಯಾವ ಬಗೆಯದ್ದು, ಅದಕ್ಕೆ ಏನೇನು ಚಿಕಿತ್ಸೆ ಇದೆ ಎಂಬುದು ಮಾತ್ರ ರೋಗಿಗೆ ಕೊನೆಯವರೆಗೂ ಗೊತ್ತಾಗುವುದಿಲ್ಲ.

ಭಾರತದ ಮಹಿಳೆಯರಲ್ಲಿ ಇಂದು ಅತಿ ಹೆಚ್ಚು ಕಂಡುಬರುವ ಕ್ಯಾನ್ಸರ್ ಇದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ಅಂದಾಜಿನ ಪ್ರಕಾರ 2022ರಲ್ಲಿ ದೇಶದಲ್ಲಿ ಸುಮಾರು 1.9 ಲಕ್ಷ ಹೊಸ ಪ್ರಕರಣಗಳು ಕಂಡುಬಂದಿವೆ; ಸಾವಿನ ಸಂಖ್ಯೆ ಒಂದು ಲಕ್ಷದ ಹತ್ತಿರ. ಪಾಶ್ಚಾತ್ಯ ದೇಶಗಳಿಗೆ ಹೋಲಿಸಿದರೆ ನಮ್ಮಲ್ಲಿ ಸುಮಾರು ಹತ್ತು ವರ್ಷ ಮೊದಲೇ, ಅಂದರೆ ನಲವತ್ತರ ಕೊನೆ ಅಥವಾ ಐವತ್ತರ ಆರಂಭದಲ್ಲೇ ಇದು ಬರುವುದು ಹೆಚ್ಚು. ಪುರುಷರಿಗೂ ಬರಬಹುದು, ಒಟ್ಟು ಪ್ರಕರಣಗಳಲ್ಲಿ ಅವರ ಪಾಲು ಶೇ 1ರ ಆಸುಪಾಸು.

ಬೇಗ ಗೊತ್ತಾದರೆ ಗುಣವಾಗುವ ಸಾಧ್ಯತೆ ತುಂಬಾ ಹೆಚ್ಚಿರುವ ಕ್ಯಾನ್ಸರ್ ಕೂಡ ಇದೇ. ಮುಂಬೈಯಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆ 1998ರಲ್ಲಿ ಶುರು ಮಾಡಿದ ಅಧ್ಯಯನದಲ್ಲಿ ಒಂದೂವರೆ ಲಕ್ಷ ಮಹಿಳೆಯರನ್ನು 20 ವರ್ಷ ಗಮನಿಸಲಾಯಿತು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಸ್ತನ ಪರೀಕ್ಷೆ ಮಾಡಿದ್ದರಿಂದಲೇ 50 ದಾಟಿದ ಮಹಿಳೆಯರಲ್ಲಿ ಸಾವಿನ ಪ್ರಮಾಣ ಶೇ 30ರಷ್ಟು ಕಡಿಮೆಯಾಯಿತು. ಯಂತ್ರವಿಲ್ಲ, ದೊಡ್ಡ ಖರ್ಚಿಲ್ಲ. ಹೆಣ್ಣು ಆರೋಗ್ಯ ಕಾರ್ಯಕರ್ತೆಯೇ ಮಾಡುವ ಪರೀಕ್ಷೆಯಾದ್ದರಿಂದ ನಾಚಿಕೆಯ ಕಾರಣವೂ ಇಲ್ಲ.

ಮೊದಲು ಬಯಾಪ್ಸಿ, ಆಮೇಲೆ ಆಪರೇಷನ್

ಗಂಟು, ಮೊಲೆತೊಟ್ಟಿನಿಂದ ರಕ್ತ ಅಥವಾ ನೀರು ಬರುವುದು, ತೊಟ್ಟು ಒಳಗೆ ಎಳೆದುಕೊಳ್ಳುವುದು, ಚರ್ಮ ಕಿತ್ತಳೆ ಸಿಪ್ಪೆಯ ಹಾಗೆ ಆಗುವುದು, ಕಂಕುಳಲ್ಲಿ ಗಡ್ಡೆ - ಇವುಗಳಲ್ಲಿ ಯಾವುದು ಕಂಡರೂ ಮ್ಯಾಮೊಗ್ರಾಂ ಅಥವಾ ಅಲ್ಟ್ರಾಸೌಂಡ್, ಅಗತ್ಯವಿದ್ದರೆ ಬಯಾಪ್ಸಿ ಆಗಬೇಕು. ಹತ್ತರಲ್ಲಿ ಹೆಚ್ಚಿನ ಗಂಟುಗಳು ಕ್ಯಾನ್ಸರ್ ಅಲ್ಲ. ಆದರೆ ಅದು ಕೈಯಿಂದ ಮುಟ್ಟಿ ನೋಡಿ ತೀರ್ಮಾನಿಸುವ ವಿಷಯವಲ್ಲ.

ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಮಾತು ಊರೂರಲ್ಲಿ ಇದೆ. ಇದು ತಪ್ಪು. ದಪ್ಪ ಸೂಜಿಯಿಂದ ಸಣ್ಣ ತುಣುಕು ತೆಗೆಯುವ ಕೋರ್ ಬಯಾಪ್ಸಿ ಇಲ್ಲದೆ ಸರಿಯಾದ ಚಿಕಿತ್ಸೆಯೇ ಇಲ್ಲ. ನಿಜವಾದ ಅಪಾಯ ಇರುವುದು ಬಯಾಪ್ಸಿ ಮಾಡದೆ, 'ಸಣ್ಣ ಗಂಟು, ತೆಗೆದು ಬಿಡೋಣ' ಅಂತ ನೇರ ಆಪರೇಷನ್‌ಗೆ ಹೋಗುವುದರಲ್ಲಿ. ಆಮೇಲೆ ಅದು ಕ್ಯಾನ್ಸರ್ ಎಂದು ತಿಳಿದರೆ ಮತ್ತೊಮ್ಮೆ ಆಪರೇಷನ್ ಬೇಕಾಗಬಹುದು. ಮೊದಲು ಔಷಧ ಕೊಟ್ಟು ಗಂಟು ಕರಗಿಸುವ ಅವಕಾಶವೂ ತಪ್ಪಿಹೋಗಬಹುದು.

ರಿಪೋರ್ಟ್‌ನಲ್ಲಿ ನೋಡಬೇಕಾದ ಮೂರು ಸಾಲು

ಸ್ತನ ಕ್ಯಾನ್ಸರ್ ಒಂದೇ ಕಾಯಿಲೆ ಅಲ್ಲ. ಪಕ್ಕದ ಮನೆಯವರಿಗೆ ಕೊಟ್ಟ ಮದ್ದು ನಮ್ಮ ಉಮ್ಮನಿಗೆ ಯಾಕೆ ಕೊಡಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಬಯಾಪ್ಸಿಯ ಐಎಚ್‌ಸಿ ರಿಪೋರ್ಟ್‌ನಲ್ಲಿ ಇರುತ್ತದೆ. ಅದರಲ್ಲಿ ಮೂರು ಸಾಲು ಮುಖ್ಯ.

ಇಆರ್ ಮತ್ತು ಪಿಆರ್: ಇವು ಹಾರ್ಮೋನ್ ರಿಸೆಪ್ಟರ್‌ಗಳು. ಪಾಸಿಟಿವ್ ಇದ್ದರೆ ದೇಹದ ಹಾರ್ಮೋನ್‌ನಿಂದಲೇ ಕ್ಯಾನ್ಸರ್ ಬೆಳೆಯುತ್ತಿದೆ ಎಂದರ್ಥ. ಅಂಥವರಿಗೆ ಮಾತ್ರೆಯ ರೂಪದ ಹಾರ್ಮೋನ್ ಚಿಕಿತ್ಸೆ ಕೆಲಸ ಮಾಡುತ್ತದೆ.

ಹರ್-2: ಇದಕ್ಕೆ 0, 1+, 2+, 3+ ಎಂದು ಅಂಕ ಕೊಡುತ್ತಾರೆ. 3+ ಇದ್ದರೆ ಪಾಸಿಟಿವ್. 0 ಮತ್ತು 1+ ನೆಗೆಟಿವ್. 2+ ಬಂದರೆ ಅನುಮಾನ ಉಳಿದಿದೆ ಎಂದರ್ಥ. ಫಿಶ್ ಎಂಬ ಇನ್ನೊಂದು ಟೆಸ್ಟ್ ಮಾಡಿಸಲೇಬೇಕು. ಖರ್ಚು ನೋಡಿ ಈ ಟೆಸ್ಟ್ ಬಿಟ್ಟರೆ ಜೀವ ಉಳಿಸಬಹುದಾದ ಔಷಧವೇ ತಪ್ಪಿಹೋಗಬಹುದು.

ಮೂರೂ ನೆಗೆಟಿವ್ ಬಂದರೆ ಅದನ್ನು ಟ್ರಿಪಲ್ ನೆಗೆಟಿವ್ ಎನ್ನುತ್ತಾರೆ. ಭಾರತೀಯ ಮಹಿಳೆಯರಲ್ಲಿ ಇದರ ಪಾಲು ಪಾಶ್ಚಾತ್ಯ ದೇಶಗಳಿಗಿಂತ ಹೆಚ್ಚು. ಚಿಕ್ಕ ಪ್ರಾಯದಲ್ಲಿ ಟ್ರಿಪಲ್ ನೆಗೆಟಿವ್ ಬಂದರೆ, ಅಥವಾ ಮನೆತನದಲ್ಲಿ ಸ್ತನ ಇಲ್ಲವೇ ಅಂಡಾಶಯದ ಕ್ಯಾನ್ಸರ್ ಬಂದವರಿದ್ದರೆ ಬಿಆರ್‌ಸಿಎ ಜೀನ್ ಟೆಸ್ಟ್ ಬಗ್ಗೆ ಕೇಳಬೇಕು. ಒಟ್ಟು ಪ್ರಕರಣಗಳಲ್ಲಿ ಶೇ 5ರಿಂದ 10 ಮಾತ್ರ ವಂಶದಿಂದ ಬರುವಂಥವು. ಹಾಗಾಗಿ ಉಮ್ಮನಿಗೆ ಬಂತು ಎಂಬ ಕಾರಣಕ್ಕೆ ಮಗಳ ಮದುವೆ ಮಾತುಕತೆ ಮುರಿಯುವುದರಲ್ಲಿ ಅರ್ಥವಿಲ್ಲ.

ಈ ಮೂರು ಸಾಲಿನ ಜೊತೆ ಸ್ಟೇಜ್ ಸೇರಿದಾಗ ಚಿಕಿತ್ಸೆ ನಿರ್ಧಾರವಾಗುತ್ತದೆ. 1 ಮತ್ತು 2 ಆರಂಭದ ಹಂತ. 3ರಲ್ಲಿ ಗಂಟು ದೊಡ್ಡದಾಗಿ ಅಥವಾ ಕಂಕುಳಿಗೆ ಹೆಚ್ಚು ಹಬ್ಬಿ ಇರುತ್ತದೆ. ಗುಣಪಡಿಸುವ ಗುರಿಯಿಂದಲೇ ಚಿಕಿತ್ಸೆ ಕೊಡುತ್ತಾರೆ. 4ರಲ್ಲಿ ಮೂಳೆ, ಶ್ವಾಸಕೋಶ, ಲಿವರ್ ಮುಂತಾದ ಕಡೆ ಹರಡಿರುತ್ತದೆ. ಅಲ್ಲಿ ಕಾಯಿಲೆಯನ್ನು ಹಿಡಿತದಲ್ಲಿಟ್ಟು ಹೆಚ್ಚು ಕಾಲ ಚೆನ್ನಾಗಿ ಬದುಕಿಸುವುದು ಗುರಿ.

ಯಾವ್ಯಾವ ಚಿಕಿತ್ಸೆ ಇದೆ

ಆಪರೇಷನ್: ಸ್ತನ ಪೂರ್ತಿ ತೆಗೆಯಲೇಬೇಕು ಎಂಬುದು ಹಳೆಯ ನಂಬಿಕೆ. ಅಮೆರಿಕದಲ್ಲಿ 1976ರಲ್ಲಿ ಡಾ. ಬರ್ನಾರ್ಡ್ ಫಿಶರ್ ನೇತೃತ್ವದಲ್ಲಿ ಶುರುವಾದ ಟ್ರಯಲ್‌ನಲ್ಲಿ 1,800ಕ್ಕೂ ಹೆಚ್ಚು ಮಹಿಳೆಯರು ಪಾಲ್ಗೊಂಡರು. ಗಂಟು ಮಾತ್ರ ತೆಗೆದು ರೇಡಿಯೇಷನ್ ಕೊಟ್ಟವರೂ, ಪೂರ್ತಿ ಸ್ತನ ತೆಗೆಸಿಕೊಂಡವರೂ 20 ವರ್ಷಗಳ ನಂತರ ಒಂದೇ ಪ್ರಮಾಣದಲ್ಲಿ ಬದುಕಿದ್ದರು ಎಂದು 2002ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಇಂದು ಮಂಗಳೂರಿನಲ್ಲಿ ಒಬ್ಬ ಮಹಿಳೆ ಸ್ತನ ಉಳಿಸಿಕೊಂಡು ಮನೆಗೆ ಬರುವುದಾದರೆ ಅದರ ಹಿಂದೆ ಆ ಮಹಿಳೆಯರ ಒಪ್ಪಿಗೆ ಇದೆ. ಗಂಟು ದೊಡ್ಡದಿದ್ದರೆ, ಹಲವು ಕಡೆ ಇದ್ದರೆ ಪೂರ್ತಿ ತೆಗೆಯಬೇಕಾಗಬಹುದು. 'ಉಳಿಸಲು ಸಾಧ್ಯವೇ, ಮೊದಲು ಕಿಮೋ ಕೊಟ್ಟರೆ ಸಾಧ್ಯವಾಗುತ್ತದೆಯೇ?' ಎಂದು ಕೇಳುವುದು ರೋಗಿಯ ಹಕ್ಕು.

ರೇಡಿಯೇಷನ್: ಸ್ತನ ಉಳಿಸಿದವರಿಗೆ ಬಹುತೇಕ ಬೇಕೇ ಬೇಕು. ಹಿಂದೆ ಐದಾರು ವಾರ ದಿನಾ ಹೋಗಬೇಕಿತ್ತು. ಈಗ ಹೆಚ್ಚಿನವರಿಗೆ ಮೂರು ವಾರದ ಕೋರ್ಸ್ ಸಾಕು. ಬ್ರಿಟನ್‌ನ ಟ್ರಯಲ್ ಒಂದರ ನಂತರ, 2020ರಿಂದ, ಆಯ್ದ ರೋಗಿಗಳಿಗೆ ಒಂದೇ ವಾರದಲ್ಲಿ ಐದು ಡೋಸ್ ಕೊಡುವ ಕ್ರಮವೂ ಬಂದಿದೆ. ದಿನಾ ಗಡಿ ದಾಟಿ ಹೋಗಿಬರುವವರಿಗೆ ಇದು ದೊಡ್ಡ ವ್ಯತ್ಯಾಸ. ಕೇಳಿ ನೋಡಬೇಕು.

ಕಿಮೋ: ಸಾಮಾನ್ಯವಾಗಿ ಎರಡು ಅಥವಾ ಮೂರು ವಾರಕ್ಕೊಮ್ಮೆ, ನಾಲ್ಕರಿಂದ ಆರು ತಿಂಗಳು. ಕೂದಲು ಉದುರುತ್ತದೆ, ಮತ್ತೆ ಬರುತ್ತದೆ. ಕಿಮೋ ಆದ ಮೇಲೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚು ಜ್ವರ ಬಂದರೆ ಪ್ಯಾರಾಸಿಟಮಾಲ್ ತಿಂದು ಕೂರುವಂತಿಲ್ಲ. ರಾತ್ರಿಯಾದರೂ ಆಸ್ಪತ್ರೆಗೆ ಹೋಗಬೇಕು. ಬಿಳಿ ರಕ್ತಕಣ ಕಡಿಮೆಯಾದಾಗ ಸೋಂಕು ಜೀವಕ್ಕೆ ಅಪಾಯ. ರಮಝಾನ್ ತಿಂಗಳಲ್ಲಿ ಕಿಮೋ ಇದ್ದರೆ ಉಪವಾಸದ ಹಠ ಬೇಡ. ಕಾಯಿಲೆಯವರಿಗೆ ವಿನಾಯಿತಿ ಧರ್ಮದಲ್ಲೇ ಇದೆ.

ಹಾರ್ಮೋನ್ ಮಾತ್ರೆ: ಇಆರ್ ಪಾಸಿಟಿವ್ ಇದ್ದವರಿಗೆ ಟಮಾಕ್ಸಿಫೆನ್, ಮುಟ್ಟು ನಿಂತವರಿಗೆ ಹೆಚ್ಚಾಗಿ ಲೆಟ್ರೋಜೋಲ್ ಅಥವಾ ಅನಾಸ್ಟ್ರೋಜೋಲ್. ದಿನಕ್ಕೊಂದು ಮಾತ್ರೆ, ಕನಿಷ್ಠ 5 ವರ್ಷ, ಕೆಲವರಿಗೆ 10 ವರ್ಷ. ಬೆಲೆ ಕಡಿಮೆ, ಲಾಭ ದೊಡ್ಡದು. ಆದರೂ 'ಈಗ ಆರಾಮ ಉಂಟಲ್ಲ' ಅಂತ ಎರಡನೇ ವರ್ಷಕ್ಕೇ ನಿಲ್ಲಿಸುವವರು ಹಲವರು. ಮಕ್ಕಳಾಗಬೇಕೆಂಬ ಯುವತಿಯರು ಮಾತ್ರೆಯನ್ನು ತಾವಾಗಿ ನಿಲ್ಲಿಸದೆ ಡಾಕ್ಟ್ರಿಗೆ ಹೇಳಬೇಕು. ಒಂದೂವರೆ ವರ್ಷದಿಂದ ಎರಡೂವರೆ ವರ್ಷದವರೆಗೆ ಮಾತ್ರೆ ತೆಗೆದುಕೊಂಡವರು ಗರ್ಭ ಧರಿಸಲು ಎರಡು ವರ್ಷದವರೆಗೆ ಬಿಡುವು ಪಡೆದರೆ ಸದ್ಯದ ಮಟ್ಟಿಗೆ ಅಪಾಯ ಹೆಚ್ಚಿಲ್ಲ ಎಂದು 2023ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ಟ್ರಯಲ್ ತೋರಿಸಿದೆ. ಕಿಮೋ ಶುರುವಾಗುವ ಮೊದಲೇ ಈ ಮಾತು ಎತ್ತುವುದು ಒಳ್ಳೆಯದು.

ಹರ್-2 ಔಷಧ: ಟ್ರಾಸ್ಟುಜುಮ್ಯಾಬ್ ಎಂಬ ಇಂಜೆಕ್ಷನ್ 1998ರಲ್ಲಿ ಅಮೆರಿಕದಲ್ಲಿ ಬಂತು. ಸಾಮಾನ್ಯವಾಗಿ ಮೂರು ವಾರಕ್ಕೊಮ್ಮೆ, ಒಂದು ವರ್ಷ. ಹೃದಯದ ಮೇಲೆ ಪರಿಣಾಮ ಆಗಬಹುದಾದ್ದರಿಂದ ನಡುನಡುವೆ ಎಕೋ ಟೆಸ್ಟ್ ಮಾಡಿಸಬೇಕು. ಒಂದು ಕಾಲಕ್ಕೆ ಸಾಮಾನ್ಯ ಕುಟುಂಬಕ್ಕೆ ಇದರ ಬೆಲೆ ಎಟುಕುತ್ತಿರಲಿಲ್ಲ. ಇದೇ ಔಷಧದ ಬಯೋಸಿಮಿಲರ್ ರೂಪವನ್ನು ಬೆಂಗಳೂರಿನ ಬಯೋಕಾನ್ 2014ರಲ್ಲಿ ಮಾರುಕಟ್ಟೆಗೆ ತಂದಿತು. ಈಗ ಹಲವು ಭಾರತೀಯ ಕಂಪನಿಗಳು ತಯಾರಿಸುತ್ತಿದ್ದು ಬೆಲೆ ಇಳಿದಿದೆ. ಬಯೋಸಿಮಿಲರ್ ಅಂದರೆ ನಕಲಿ ಅಲ್ಲ. ಅದೂ ಟ್ರಯಲ್ ದಾಟಿ ಬಂದ ಔಷಧ.

ಹೊಸ ಔಷಧಗಳು: ಹರಡಿದ ಹಾರ್ಮೋನ್ ಪಾಸಿಟಿವ್ ಕ್ಯಾನ್ಸರ್‌ಗೆ ಪಾಲ್ಬೊಸಿಕ್ಲಿಬ್, ರೈಬೊಸಿಕ್ಲಿಬ್ ಮುಂತಾದ ಮಾತ್ರೆಗಳಿವೆ. ಪಾಲ್ಬೊಸಿಕ್ಲಿಬ್‌ನ ಪೇಟೆಂಟ್ 2023ರ ಜನವರಿಯಲ್ಲಿ ಮುಗಿದ ಬಳಿಕ ಜೆನೆರಿಕ್ ಮಾತ್ರೆಗಳು ಬಂದು ಬೆಲೆ ತುಂಬಾ ಇಳಿಯಿತು. ಬಿಆರ್‌ಸಿಎ ದೋಷ ಇರುವವರಿಗೆ ಒಲಾಪರಿಬ್, ಕೆಲವು ಟ್ರಿಪಲ್ ನೆಗೆಟಿವ್ ರೋಗಿಗಳಿಗೆ ಇಮ್ಯುನೊಥೆರಪಿ ಇದೆ. ಟ್ರಾಸ್ಟುಜುಮ್ಯಾಬ್ ಡೆರುಕ್ಸ್‌ಟೆಕಾನ್ ಎಂಬ ಔಷಧ, ಹಿಂದೆ ನೆಗೆಟಿವ್ ಎಂದು ಬಿಟ್ಟುಬಿಡುತ್ತಿದ್ದ 1+ ಮತ್ತು 2+ ಹರ್-2 ರೋಗಿಗಳಲ್ಲೂ ಕೆಲಸ ಮಾಡುತ್ತದೆ ಎಂದು 2022ರಲ್ಲಿ ಗೊತ್ತಾಯಿತು. 2024ರ ಜುಲೈ ಬಜೆಟ್‌ನಲ್ಲಿ ಇದರ ಕಸ್ಟಮ್ಸ್ ಸುಂಕ ತೆಗೆದಿದ್ದಾರೆ, ಆದರೂ ದುಬಾರಿ. ಇಂಥ ಕಡೆಯೇ ಟ್ರಯಲ್‌ನ ಮಾತು ಬರುವುದು.

ಕ್ಲಿನಿಕಲ್ ಟ್ರಯಲ್: ಪ್ರಯೋಗದ ಇಲಿ ಅಲ್ಲ

ಟ್ರಯಲ್ ಅಂದ ಕೂಡಲೇ 'ನಮ್ಮ ಮೇಲೆ ಪ್ರಯೋಗ ಮಾಡ್ತಾರೆ' ಎಂಬ ಭಯ, ಇಲ್ಲವೇ 'ಬೇರೆ ದಾರಿಯೇ ಇಲ್ಲದವರಿಗೆ' ಎಂಬ ಕಲ್ಪನೆ. ಎರಡೂ ಪೂರ್ತಿ ಸರಿಯಲ್ಲ. ಆರಂಭದ ಸ್ಟೇಜ್‌ನವರಿಗೂ ಟ್ರಯಲ್‌ಗಳಿವೆ. ಎಲ್ಲ ಟ್ರಯಲ್‌ಗಳೂ ಹೊಸ ಔಷಧದ್ದಲ್ಲ; ಕಡಿಮೆ ದಿನದ ರೇಡಿಯೇಷನ್, ಸಣ್ಣ ಆಪರೇಷನ್, ಯೋಗ, ಅಡ್ಡಪರಿಣಾಮ ಕಡಿಮೆ ಮಾಡುವ ಉಪಾಯಗಳ ಬಗೆಗೂ ನಡೆಯುತ್ತವೆ.

ಒಂದು ಉದಾಹರಣೆ ಸಾಕು. ಆಪರೇಷನ್‌ಗೆ 7ರಿಂದ 10 ನಿಮಿಷ ಮೊದಲು ಗಂಟಿನ ಸುತ್ತ ಲಿಗ್ನೊಕೇಯ್ನ್ ಇಂಜೆಕ್ಷನ್ ಕೊಟ್ಟರೆ ಏನಾಗುತ್ತದೆ ಎಂದು ಟಾಟಾ ಮೆಮೋರಿಯಲ್‌ನ ಡಾ. ರಾಜೇಂದ್ರ ಬಡ್ವೆ ಮತ್ತು ತಂಡ ಪರೀಕ್ಷಿಸಿತು. ಹಲ್ಲು ಕೀಳುವಾಗ ಮರಗಟ್ಟಿಸಲು ಕೊಡುವ ಅದೇ ಅಗ್ಗದ ಮದ್ದು. ಭಾರತದ 11 ಕೇಂದ್ರಗಳಲ್ಲಿ ಸುಮಾರು 1,600 ಮಹಿಳೆಯರು ಪಾಲ್ಗೊಂಡರು. ಐದು ವರ್ಷದ ನಂತರ ಇಂಜೆಕ್ಷನ್ ಪಡೆದವರಲ್ಲಿ ಶೇ 90.1, ಪಡೆಯದವರಲ್ಲಿ ಶೇ 86.4 ಮಂದಿ ಬದುಕಿದ್ದರು. 2023ರಲ್ಲಿ ಪ್ರಕಟವಾದ ಈ ಟ್ರಯಲ್‌ನಲ್ಲಿ ಇಂಜೆಕ್ಷನ್ ಪಡೆಯದವರಿಗೂ ಪೂರ್ತಿ ಚಿಕಿತ್ಸೆ ಸಿಕ್ಕಿತ್ತು. ಕ್ಯಾನ್ಸರ್ ಟ್ರಯಲ್‌ಗಳ ಸಾಮಾನ್ಯ ಕ್ರಮವೇ ಇದು: ಕೆಲಸ ಮಾಡುವ ಚಿಕಿತ್ಸೆ ಇರುವಾಗ ಅದನ್ನು ಕಿತ್ತುಕೊಂಡು ಬರೀ ಸಕ್ಕರೆ ಮಾತ್ರೆ ಕೊಡುವುದಿಲ್ಲ.

ಟ್ರಯಲ್‌ಗೆ ಹಂತಗಳಿವೆ. 1ನೇ ಹಂತದಲ್ಲಿ ಡೋಸ್ ಮತ್ತು ಸುರಕ್ಷತೆ, 2ರಲ್ಲಿ ಪರಿಣಾಮದ ಸುಳಿವು, 3ರಲ್ಲಿ ಈಗಿನ ಚಿಕಿತ್ಸೆಯೊಂದಿಗೆ ಹೋಲಿಕೆ, 4ರಲ್ಲಿ ಮಾರುಕಟ್ಟೆಗೆ ಬಂದ ನಂತರದ ನಿಗಾ. 3ನೇ ಹಂತದಲ್ಲಿ ಯಾರಿಗೆ ಯಾವ ಚಿಕಿತ್ಸೆ ಎಂದು ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ನಿರ್ಧರಿಸುತ್ತದೆ. ಹೊಸ ಔಷಧವೇ ಸಿಗುತ್ತದೆ ಎಂಬ ಖಾತ್ರಿ ಇಲ್ಲ. ಸಿಕ್ಕರೂ ಅದು ಹಳೆಯದಕ್ಕಿಂತ ಒಳ್ಳೆಯದು ಎಂಬ ಖಾತ್ರಿಯೂ ಇಲ್ಲ. ಇದನ್ನು ತಿಳಿದೇ ಒಪ್ಪಬೇಕು.

ಹುಡುಕುವುದು ಹೇಗೆ

ಭಾರತದಲ್ಲಿ ನಡೆಯುವ ಟ್ರಯಲ್‌ಗಳ ಪಟ್ಟಿ ಸಿಟಿಆರ್‌ಐ ಅಂದರೆ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಇಂಡಿಯಾದಲ್ಲಿ ಇದೆ. ಐಸಿಎಂಆರ್ 2007ರ ಜುಲೈಯಲ್ಲಿ ಆರಂಭಿಸಿದ ಈ ನೋಂದಣಿ 2009ರಿಂದ ಕಡ್ಡಾಯ. ಯಾರು ಬೇಕಾದರೂ ಮೊಬೈಲ್‌ನಲ್ಲೇ ಉಚಿತವಾಗಿ ನೋಡಬಹುದು. ಇಂಗ್ಲಿಷ್‌ನಲ್ಲಿರುವುದರಿಂದ ಕಾಲೇಜು ಓದುವ ಮಕ್ಕಳು ಮನೆಯವರಿಗೆ ಇಲ್ಲಿ ನಿಜವಾಗಿ ನೆರವಾಗಬಹುದು.

1. ಹುಡುಕುವ ಮೊದಲು ಸ್ಟೇಜ್, ಇಆರ್, ಪಿಆರ್, ಹರ್-2, ಈವರೆಗೆ ಕೊಟ್ಟ ಚಿಕಿತ್ಸೆ ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಬೇಕು.

2. ಟ್ರಯಲ್ ಸರ್ಚ್‌ನಲ್ಲಿ ಬ್ರೆಸ್ಟ್ ಕ್ಯಾನ್ಸರ್ ಎಂದು ಕೊಟ್ಟು ನೋಡಿ, ಬಳಿಕ ಕಾರ್ಸಿನೋಮ ಬ್ರೆಸ್ಟ್ ಎಂದೂ ಕೊಡಬೇಕು.

3. ಭಾರತದಲ್ಲಿ ರೋಗಿಗಳನ್ನು ಈಗ ಸೇರಿಸಿಕೊಳ್ಳುತ್ತಿದ್ದಾರೆಯೇ ಎಂಬ ಸಾಲು ನೋಡಬೇಕು. ಮುಗಿದ, ಮುಚ್ಚಿದ ಟ್ರಯಲ್‌ಗಳೂ ಪಟ್ಟಿಯಲ್ಲಿರುತ್ತವೆ.

4. ಸೇರಲು ಬೇಕಾದ ಅರ್ಹತೆ ಮತ್ತು ಸೇರಬಾರದವರ ಪಟ್ಟಿ ಓದಿ, ಬರೆದಿಟ್ಟ ಹಾಳೆಗೆ ಹೋಲಿಸಬೇಕು. ಮೊದಲೇ ಕಿಮೋ ತೆಗೆದುಕೊಂಡವರಿಗೆ ಕೆಲವು ಟ್ರಯಲ್‌ಗಳ ಬಾಗಿಲು ಮುಚ್ಚುತ್ತದೆ. ಹಾಗಾಗಿ ಚಿಕಿತ್ಸೆ ಶುರುವಾಗುವ ಮೊದಲೇ ವಿಚಾರಿಸುವುದು ಲಾಭ.

5. ಯಾವ ಆಸ್ಪತ್ರೆ, ಯಾವ ಡಾಕ್ಟ್ರು, ಫೋನ್ ನಂಬರ್ ಎಲ್ಲ ಅಲ್ಲೇ ಇರುತ್ತದೆ. ಎಥಿಕ್ಸ್ ಕಮಿಟಿ ಒಪ್ಪಿಗೆ ಸಿಕ್ಕಿದೆಯೇ ಎಂಬುದನ್ನೂ ಅಲ್ಲಿ ನೋಡಬಹುದು.

ಸಿಟಿಆರ್‌ಐನಲ್ಲಿ ಹೆಸರಿದೆ ಎಂದ ಮಾತ್ರಕ್ಕೆ ಆ ಚಿಕಿತ್ಸೆ ಒಳ್ಳೆಯದು ಎಂದು ಸರಕಾರ ಹೇಳಿದಂತಲ್ಲ. ಅದು ನೋಂದಣಿ ಮಾತ್ರ. ಸಿಕ್ಕ ಟ್ರಯಲ್‌ನ ನೋಂದಣಿ ಸಂಖ್ಯೆಯನ್ನು ಬರೆದುಕೊಂಡು ಚಿಕಿತ್ಸೆ ಕೊಡುವ ಆಂಕಾಲಜಿಸ್ಟ್‌ಗೆ ತೋರಿಸಿ 'ಇದು ನಮಗೆ ಹೊಂದುತ್ತದಾ?' ಎಂದು ಕೇಳಬೇಕು. ಗಲ್ಫ್‌ನಲ್ಲೋ ಬೇರೆ ದೇಶದಲ್ಲೋ ನೆಲೆಸಿದವರು ಅಮೆರಿಕದ ಸರಕಾರಿ ನೋಂದಣಿಯಾದ ಕ್ಲಿನಿಕಲ್ ಟ್ರಯಲ್ಸ್ ಡಾಟ್ ಗವ್‌ನಲ್ಲಿ ದೇಶದ ಹೆಸರು ಕೊಟ್ಟು ಹುಡುಕಬಹುದು.

ಟ್ರಯಲ್‌ಗಳು ಹೆಚ್ಚಾಗಿ ಸಿಗುವುದು ದೊಡ್ಡ ಕೇಂದ್ರಗಳಲ್ಲಿ: ಮುಂಬೈಯ ಟಾಟಾ ಮೆಮೋರಿಯಲ್, ಬೆಂಗಳೂರಿನ ಕಿದ್ವಾಯಿ, ತಿರುವನಂತಪುರದ ಆರ್‌ಸಿಸಿ, ಚೆನ್ನೈಯ ಅಡ್ಯಾರ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್, ಕಾಸರಗೋಡಿನವರಿಗೆ ಹತ್ತಿರದ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್. ಮಂಗಳೂರಿನ ಮೆಡಿಕಲ್ ಕಾಲೇಜುಗಳಲ್ಲೂ ವಿಚಾರಿಸಬಹುದು.

ಸಹಿ ಮಾಡುವ ಮೊದಲು

2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ರೋಗಿಗೆ ಸ್ಪಷ್ಟ ಹಕ್ಕು ಕೊಟ್ಟಿವೆ. ಮಾಹಿತಿ ಪತ್ರ ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಕಾಸರಗೋಡಿನ ಕನ್ನಡದವರು ಮಲಯಾಳಂ ಓದಲು ಬಾರದಿದ್ದರೆ ಕನ್ನಡದ್ದು ಕೇಳಬಹುದು. ಓದು ಬಾರದವರಿಗೆ ಟ್ರಯಲ್‌ಗೆ ಸಂಬಂಧವಿಲ್ಲದ ಸಾಕ್ಷಿಯ ಎದುರು ಓದಿ ಹೇಳಬೇಕು. ಟ್ರಯಲ್‌ನಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕು. ಯಾವಾಗ ಬೇಕಾದರೂ ಹೊರಬರಬಹುದು. ಅದರಿಂದ ಮಾಮೂಲು ಚಿಕಿತ್ಸೆ ನಿಲ್ಲುವುದಿಲ್ಲ.

ಸಹಿ ರೋಗಿಯದ್ದೇ ಆಗಬೇಕು. ಪ್ರಜ್ಞೆ, ತಿಳಿವಳಿಕೆ ಇರುವ ಮಹಿಳೆಯ ಪರವಾಗಿ ಗಂಡನೋ ಮಗನೋ ಸಹಿ ಹಾಕುವಂತಿಲ್ಲ. ಮನೆಯವರ ಜೊತೆ ಮಾತಾಡಲು ಕಾಗದ ಮನೆಗೆ ಕೊಂಡುಹೋಗುತ್ತೇನೆ ಎಂದು ಹೇಳಲು ಅವಕಾಶ ಇದೆ. ಕೇಳಬೇಕಾದ ಪ್ರಶ್ನೆಗಳು ಇಷ್ಟು: ಟ್ರಯಲ್‌ಗೆ ಸೇರದಿದ್ದರೆ ನನಗೆ ಯಾವ ಚಿಕಿತ್ಸೆ? ಸೇರಿದರೆ ಹೆಚ್ಚುವರಿ ಟೆಸ್ಟ್, ಬಯಾಪ್ಸಿ ಎಷ್ಟು? ಯಾವುದು ಉಚಿತ, ಯಾವುದಕ್ಕೆ ನಾವು ಕಟ್ಟಬೇಕು? ಹೋಗಿಬರುವ ಖರ್ಚು ಕೊಡುತ್ತಾರಾ? ಟ್ರಯಲ್ ಮುಗಿದ ಮೇಲೆ ಔಷಧ ಸಿಗುತ್ತದಾ? ರಾತ್ರಿ ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು?

ಹೊಸ ಔಷಧದ ಟ್ರಯಲ್‌ಗೆ ಸೇರಿಸುತ್ತೇವೆ, ಮುಂಗಡ ಹಣ ಕಳಿಸಿ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುವ ಮೆಸೇಜ್‌ಗಳನ್ನು ನಂಬಬಾರದು. ನೋಂದಣಿ ಸಂಖ್ಯೆ ಕೇಳಿ, ಸಿಟಿಆರ್‌ಐನಲ್ಲಿ ಸಿಗದಿದ್ದರೆ ಅಲ್ಲಿಗೇ ಬಿಡಬೇಕು.

ಗಡಿಯ ಊರಿನವರಿಗೆ ಕೆಲವು ಮಾತು

2020ರ ಮಾರ್ಚ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಪಟ್ಟ ಪಾಡು ಕೇರಳ ಹೈಕೋರ್ಟ್ ತನಕ ಹೋಯಿತು. ಅದರ ಪಾಠ ಇಷ್ಟೇ: ಫೈಲ್ ಯಾವಾಗಲೂ ರೋಗಿಯ ಕೈಯಲ್ಲಿರಬೇಕು, ಎರಡೂ ಕಡೆಯ ಒಂದೊಂದು ಆಸ್ಪತ್ರೆಯ ಪರಿಚಯ ಇರಬೇಕು.

ತವರು ಉಳ್ಳಾಲ, ಗಂಡನ ಮನೆ ಕುಂಬಳೆಯಾದರೆ ರೇಷನ್ ಕಾರ್ಡ್ ಯಾವ ರಾಜ್ಯದ್ದೋ ಆ ರಾಜ್ಯದ ಯೋಜನೆ ಅನ್ವಯವಾಗುತ್ತದೆ. ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಸಿಗುತ್ತದೆ. ಕರ್ನಾಟಕದಲ್ಲಿ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಇದೆ. ಗಡಿಯಾಚೆಯ ಆಸ್ಪತ್ರೆಯಲ್ಲಿ ನಿಮ್ಮ ಕಾರ್ಡ್ ನಡೆಯುತ್ತದೆಯೇ ಎಂದು ಅಡ್ಮಿಟ್ ಆಗುವ ಮೊದಲೇ ಆರೋಗ್ಯಮಿತ್ರರ ಕೌಂಟರ್‌ನಲ್ಲಿ ಕೇಳಬೇಕು. ಬಿಲ್ ಕಟ್ಟಿದ ಮೇಲೆ ಕೇಳಿದರೆ ತಡವಾಗುತ್ತದೆ. 70 ದಾಟಿದವರಿಗೆ 2024ರ ಅಕ್ಟೋಬರ್‌ನಿಂದ ಆದಾಯ ನೋಡದೆ ಕೇಂದ್ರದ ಆಯುಷ್ಮಾನ್ ವಯ ವಂದನಾ ಕಾರ್ಡ್ ಸಿಗುತ್ತದೆ. ಚಿಕಿತ್ಸೆಗೆ ರೈಲಿನಲ್ಲಿ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಪೂರ್ತಿ, ಜೊತೆಗಿರುವ ಒಬ್ಬರಿಗೆ ಶೇ 75 ರಿಯಾಯಿತಿ ಇದೆ. ಆಸ್ಪತ್ರೆಯಿಂದ ನಿಗದಿತ ಸರ್ಟಿಫಿಕೇಟ್ ಪಡೆಯಬೇಕು.

ಎರಡನೇ ಅಭಿಪ್ರಾಯ ಕೇಳುವುದು ಡಾಕ್ಟ್ರಿಗೆ ಅವಮಾನವಲ್ಲ. ಅದಕ್ಕೆ ರಿಪೋರ್ಟ್ ಮಾತ್ರ ಸಾಲದು. ಬಯಾಪ್ಸಿಯ ಸ್ಲೈಡ್ ಮತ್ತು ಮೇಣದ ಬ್ಲಾಕ್ ಬೇಕು. ಲ್ಯಾಬ್‌ಗೆ ಅರ್ಜಿ ಕೊಟ್ಟರೆ ಅವು ಸಿಗುತ್ತವೆ. ಟ್ರಯಲ್‌ಗೆ ಸೇರುವಾಗಲೂ ಹೆಚ್ಚಾಗಿ ಮೊದಲು ಕೇಳುವುದು ಆ ಬ್ಲಾಕನ್ನೇ.

ಮನೆಯ ಯುವಕ ಯುವತಿಯರು ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಒಂದು ಫೈಲ್ ಮಾಡಿ, ತಾರೀಕಿನ ಪ್ರಕಾರ ಕಾಗದ ಜೋಡಿಸಿ, ಮೊದಲ ಹಾಳೆಯಲ್ಲಿ ಆ ಮೂರು ಸಾಲು ಬರೆದಿಡುವುದು. ಅದನ್ನು ಉಮ್ಮನಿಗೆ ಓದಿ, ಅರ್ಥ ಹೇಳುವುದು. ಮೈ ಅವರದ್ದು, ಚಿಕಿತ್ಸೆಯ ತೀರ್ಮಾನವೂ ಅವರದ್ದೇ.